ಹಿಡಿಕೆ ನನ್ನ ಹತ್ತಿರವಿದೆ

ಮೆರ್ಲ್ ಸ್ಟ್ರೌಡ್ ಅವರಿಗೆ,
ಅಧ್ಯಕ್ಷರು, ಬಂದೂಕು ಕ್ಲಬ್, ಮಾಂಟಾನಾ.

ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವ ಹೊಸಬರಿಗೆ ಅದಕ್ಕೆ ಬೇಕಾದ ಕೈಯಂತ್ರ, ಸರಿಯಾದ ಪ್ರೆಸ್ ಆರಿಸಿಕೊಡುತ್ತೇವೆ ಎಂದಿರಿ. ಕೊಡಲಿಲ್ಲ. ಮೊದಲ ದಿನ ಒಬ್ಬ ಹಳಬ ಪಕ್ಕದಲ್ಲಿ ಕೂರುತ್ತಾನೆ ಎಂದಿರಿ. ಯಾರೂ ಬರಲಿಲ್ಲ. ನನ್ನ ಗಂಡ ಆರ್ಲನ್‌ನ ಎಡಗಣ್ಣು ಹೋದ ಮೇಲೆ ಕ್ಲಬ್ಬಿನ ಸಭೆಯಲ್ಲಿ ಐದು ನಿಮಿಷ ಮಾತಾಡಲು ಅವಕಾಶ ಕೇಳಿದೆ. ಅದೂ ಇಲ್ಲವೆಂದಿರಿ.

ಅವನು ಒಂದೊಂದೇ ತೋಟಾ ತುಂಬುವ ಸಣ್ಣ ಪ್ರೆಸ್ ಕೇಳಿದ್ದ. "ಅದು ಮುದುಕರ ಆಟ ಕಣಯ್ಯ. ನಂದು ತಗೊಂಡ್ಹೋಗು, ಹಿಡಿಕೆ ಎಳೆದಷ್ಟೂ ತೋಟಾ ಉದುರುತ್ತೆ" ಎಂದು ನಕ್ಕು ನಿಮ್ಮ ದೊಡ್ಡ ಪ್ರೆಸ್ಸನ್ನೇ ಹೊರಿಸಿ ಕಳಿಸಿದಿರಿ.

ಆ ಸಂಜೆ ಅವನು ಹಿಡಿಕೆಯನ್ನು ಅರ್ಧ ಎಳೆದಿದ್ದಾಗ ಊಟಕ್ಕೆ ಕರೆದವಳು ನಾನೇ. "ಬಂದೆ ಕಣೇ, ಕೂಗ್ಬೇಡ" ಎಂದು ಎದ್ದು ಬಂದ. ಉಂಡು ಹೋಗಿ ಮತ್ತೆ ಮೊದಲಿಂದ ಎಳೆದ. ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬಿತ್ತು. ಶನಿವಾರ ಅದನ್ನು ಹಾರಿಸಿದಾಗ ರಿವಾಲ್ವರ್ ಅವನ ಮುಖದೆದುರೇ ಸಿಡಿಯಿತು.

ಕರೆದದ್ದು ನನ್ನ ತಪ್ಪು, ಅದನ್ನು ಹೊತ್ತಿದ್ದೇನೆ. ಅರ್ಧಕ್ಕೆ ಎದ್ದರೆ ಆ ತೋಟಾವನ್ನು ತೆಗೆದಿಡಬೇಕೆಂದು ಹೇಳಲು ಪಕ್ಕದಲ್ಲಿ ಯಾರೂ ಇರದಿದ್ದುದು ನಿಮ್ಮ ತಪ್ಪು. ಅದನ್ನು ನೀವು ಹೊರಿ.

ಈಗ ಇನ್ನೊಬ್ಬ ಹೊಸ ಸದಸ್ಯನಿಗೆ ಕೊಡಲು ಆ ಪ್ರೆಸ್ಸನ್ನು ವಾಪಸ್ ಕೇಳಿದ್ದೀರಿ. ಬೋಲ್ಟ್ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಒಯ್ಯಿರಿ. ಹಿಡಿಕೆ ಮಾತ್ರ ಕೊಡುವುದಿಲ್ಲ. ಪಕ್ಕದಲ್ಲಿ ಹಳಬನಿಲ್ಲದೆ ಹೊಸಬ ಪ್ರೆಸ್ ಮುಟ್ಟಬಾರದೆಂದು ನಿಯಮ ಬರೆದು, ಸಭೆಯಲ್ಲಿ ಎಲ್ಲರೆದುರು ಓದಿ, ಒಪ್ಪಿಗೆಗೆ ಕೈ ಎತ್ತಿಸಿ. ಆಮೇಲೆ ಕೊಡುತ್ತೇನೆ.

ಆ ಸಭೆಗೆ ನಾನು ಬರುತ್ತೇನೆ, ಆರ್ಲನ್ ಕೂಡ ಬರುತ್ತಾನೆ. ಸಾಲಿನ ಎಡತುದಿಯ ಕುರ್ಚಿಯನ್ನು ಅವನಿಗೆ ಬಿಡಿ. ಅಲ್ಲಿ ಕೂತರೆ ಮಾತ್ರ ನೀವೆಲ್ಲ ಅವನಿಗೆ ಕಾಣುತ್ತೀರಿ.

ಇಂತಿ,
ಲೋರ್ನಾ ಹೌಗನ್

ನಿಮ್ಮ ಸಭೆ ಬರುವ ಗುರುವಾರ, ಸಂಜೆ ಏಳು ಗಂಟೆಗೆ. ಹಿಡಿಕೆ ತರುತ್ತೇನೆ.