ದೊಡ್ಡ ಮೀನು ಬಸುರಿಗೆ

ಸ್ಪ್ರೂಸ್ ನ್ಯಾರೋಸ್, ಉತ್ತರ ಒಂಟಾರಿಯೊ
ಅಕ್ಟೋಬರ್ ೧೫, ೧೯೯೧

ಮುದ್ದಿನ ಟ್ಯಾನಿಸ್,

ಹೇಗಿದ್ದೀಯ ಮಗಳೇ? ಕಾಲಿನ ಬಾವು ಇಳಿಯಿತೇ? ಮಗು ಒದೆಯುತ್ತಿದೆಯೇ? ಹೆರಿಗೆಗೆ ಇನ್ನೂ ದಿನ ಇರುವಾಗಲೇ ನಿನ್ನನ್ನು ವಿಮಾನ ಹತ್ತಿಸಿ ಪಟ್ಟಣದ ಆಸ್ಪತ್ರೆಯ ಹಾಸ್ಟೆಲ್ಲಿನಲ್ಲಿ ಕೂರಿಸಿದ್ದು ನನಗಂತೂ ಸರಿಬಂದಿಲ್ಲ. ನಿನ್ನ ಅಮ್ಮ ಹುಟ್ಟಿದ್ದು ಇದೇ ಒಲೆಯ ಪಕ್ಕದಲ್ಲಿ. ಇರಲಿ, ನನ್ನ ಮಾತು ಯಾರು ಕೇಳುತ್ತಾರೆ. ಅಲ್ಲಿಯ ಊಟ ರಟ್ಟು ಅಗಿದ ಹಾಗಿದೆ, ನಮ್ಮ ಸರೋವರದ ಮೀನು ಕಳಿಸು ಅಂತ ಬರೆದಿದ್ದೆಯಲ್ಲ, ಓದಿ ನಕ್ಕೆ, ಆಮೇಲೆ ಪಾಪ ಅನ್ನಿಸಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಗಂಡ ಮೂಸ್ ಬೇಟೆಗೆ ಹೋಗಿ ಬರಿಗೈಲಿ ಬಂದ. ಕೇಳಿದರೆ ಗಾಳಿಯ ಮೇಲೆ ಗೂಬೆ ಕೂರಿಸುತ್ತಾನೆ.

ಬೇಸಿಗೆಯಲ್ಲಿ ಮೀನಿನ ಪರೀಕ್ಷೆಗೆ ಬಂದಿದ್ದ ಹುಡುಗಿ ನೆನಪಿದ್ದಾಳಾ? ಒಬ್ಬೊಬ್ಬರ ಮೀನಿನಿಂದಲೂ ಒಂದು ತುಂಡು ಕೊಯ್ದು, ಚೀಟಿ ಅಂಟಿಸಿ ಒಯ್ದವಳು. ನಿನ್ನೆ ಫಲಿತಾಂಶ ತಂದಿದ್ದಳು. ಸಭೆ ಸೇರಿದ್ದು ಪ್ರತಿ ಜುಲೈಯಲ್ಲಿ ದೊಡ್ಡ ಮೀನು ಹಿಡಿಯುವ ಪಂದ್ಯಕ್ಕೆ ಮೀನು ತೂಗುತ್ತೇವಲ್ಲ, ಅದೇ ಸಭಾಭವನದಲ್ಲಿ. ಅವಳು ಹೆಸರು ಕೂಗಿ ಅಂಕಿ ಓದುತ್ತಾ ಹೋದಳು. ನಿನ್ನ ಚಿಕ್ಕಜ್ಜ ಅಲ್ಫೋನ್ಸ್‌ನ ಟ್ರೌಟ್ ಮೀನಿನ ಅಂಕಿ ಎಲ್ಲರಿಗಿಂತ ಹೆಚ್ಚು ಬಂತು. ಸರಿ, ನನ್ನ ತಮ್ಮ ಎದ್ದು ನಿಂತು ಟೋಪಿ ತೆಗೆದ. ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ಈ ವರ್ಷಾನೂ ಗೆದ್ದುಬಿಟ್ಟೆಯಲ್ಲೋ ಮುದುಕಾ!" ಅಂದರು. ನಾನೂ ತಟ್ಟಿದೆ ನೋಡು. ಪಾಪ, ಆ ಹುಡುಗಿ ಕಾಗದ ಹಿಡಿದು ಮುಖ ಕೆಂಪಗೆ ಮಾಡಿಕೊಂಡು ನಿಂತುಬಿಟ್ಟಳು.

ಅದು ಪಾದರಸದ ಅಂಕಿಯಂತೆ. ಥರ್ಮಾಮೀಟರಿನೊಳಗೆ ಇರುತ್ತಲ್ಲ, ಅದೇ. ನದಿಯ ಮೇಲ್ದಿಕ್ಕಿನ ಕಾರ್ಖಾನೆಯಿಂದ ಇಳಿದು ಬಂದಿದೆ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು. ಹಾಗಾಗಿ ಎಲ್ಲಕ್ಕಿಂತ ದೊಡ್ಡ, ಮುದಿ ಮೀನಿನ ಮಾಂಸದಲ್ಲೇ ವಿಷ ಹೆಚ್ಚು. ತೊಳೆದರೂ ಹೋಗದು, ಹುರಿದರೂ ಹೋಗದು. ತಾಯಿಗಿಂತ ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ ಕೆಟ್ಟದ್ದು ಅಂದಳು. ಅಲ್ಫೋನ್ಸ್ ಟೋಪಿ ಹಾಕಿಕೊಂಡು ಕೂತ. "ದೊಡ್ಡ ಮೀನು ಬಸುರಿಗೆ, ಬಾಲ ಬೆಸ್ತನಿಗೆ" ಅಂತ ನಮ್ಮ ಅಮ್ಮ ಹೇಳುತ್ತಿದ್ದಳು. ಆ ಮಾತನ್ನೂ ಕಾರ್ಖಾನೆಯವರು ನಮ್ಮಿಂದ ಕಿತ್ತುಕೊಂಡರು. ಅವರ ಮನೆ ಹಾಳಾಗ.

ಈ ಕಾಗದ ತರುವ ನರ್ಸ್ ಕೈಯಲ್ಲೇ ಸಣ್ಣ ಬಿಳಿಮೀನು ಕಳಿಸಿದ್ದೇನೆ. ಅದನ್ನು ಆಗೊಮ್ಮೆ ಈಗೊಮ್ಮೆ ತಿನ್ನಬಹುದು ಅಂತ ಹುಡುಗಿಯ ಬಾಯಿಂದಲೇ ಕೇಳಿಸಿಕೊಂಡು ಬಂದೆ. ಬೆಚ್ಚಗಿರು, ಭಾರ ಎತ್ತಬೇಡ. ಕೂಸು ಕೈತುಂಬ ಬರಲಿ.

ನಿನ್ನ ಅಜ್ಜಿ,
ಫಿಲೋಮೆನ್

ಮತ್ತೆ: ನರ್ಸ್ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಅಲ್ಫೋನ್ಸ್ ಕಣ್ಣು ತೋರಿಸಲು ಗುರುವಾರದ ವಿಮಾನಕ್ಕೆ ಅಲ್ಲಿಗೆ ಬರುತ್ತಿದ್ದಾನೆ. ಪರೀಕ್ಷೆಗೆ ತುಂಡು ಕೊಟ್ಟು ಉಳಿದ ಆ ಟ್ರೌಟನ್ನು ಬೇಸಿಗೆಯಲ್ಲೇ ಹೊಗೆಯಲ್ಲಿ ಒಣಗಿಸಿ ನಿನಗೆಂದೇ ಎತ್ತಿಟ್ಟಿದ್ದ. ಅದು ಅವನ ಚೀಲದಲ್ಲಿದೆ. ಬೇಡವೋ ಎಂದು ಬೇಡಿಕೊಂಡೆ. "ಹೊಗೆಗೆ ಹೋಗದ ವಿಷ ಯಾವುದಿದೆಯಕ್ಕಾ, ಕೂಸಿಗೆ ನಾನು ಕೆಟ್ಟದ್ದು ಕೊಡ್ತೀನಾ?" ಅಂದ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಎರಡೂ ಕೈಯಲ್ಲಿ ತೆಗೆದುಕೋ, ಚೆನ್ನಾಗಿ ಒಣಗಿಸಿದ್ದೀಯ ಅನ್ನು. ಆದರೆ ನಮ್ಮ ಪದ್ಧತಿಯಂತೆ ಮೊದಲ ತುತ್ತು ಅವನೇ ಮುರಿದು ನಿನ್ನ ಬಾಯಿಗೆ ತರುತ್ತಾನೆ. ಆಗ ಬಾಯಿ ಬಿಗಿ ಹಿಡಿ. ಹಿರಿಯರು ಕೊಟ್ಟ ತುತ್ತು ತಳ್ಳಬಾರದು ಅಂತ ನಿನಗೆ ಕಲಿಸಿದವಳು ನಾನೇ. ಇದೊಂದು ತಳ್ಳು, ಮಗಳೇ.