ಭೀಮವ್ವನ ಹನ್ನೊಂದು ನಿಮಿಷ

ಪಂಪೇಶ್,

ನಿಮ್ಮವ್ವ ಭೀಮವ್ವ ಹೇಳಿದ್ದನ್ನೆಲ್ಲ ನಾನು ಅಳಿಸಿಬಿಟ್ಟೆ. ಅದಿರಿನ ಲಾರಿ ಹರಿದು ನೀನು ಸತ್ತ ದಿನದ ಬಗ್ಗೆ ಬಂಡ್ರಿ ಊರಿನ ನಿಮ್ಮ ಮನೆಕಟ್ಟೆ ಮೇಲೆ ಕೂತು ಅವರು ಆಡಿದ್ದ ಹನ್ನೊಂದು ನಿಮಿಷದ ಮಾತು.

ಸೋಮವಾರ ಸಂಡೂರಿನಲ್ಲಿ ಗಣಿಯ ಅಹವಾಲು ಸಭೆ. ಅಲ್ಲಿ ತೋರಿಸುವ ಚಿತ್ರವನ್ನು ಮನೆಯ ಕಂಪ್ಯೂಟರಿನಲ್ಲಿ ಸಿ.ಡಿ.ಗೆ ಸಿದ್ಧ ಮಾಡುತ್ತಿದ್ದೆ. ತೊಂಬತ್ತೆರಡು ಪರ್ಸೆಂಟಿಗೆ ನಿಂತಿತು, ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲ. ಜೋಡಿಸಿದ್ದೆಲ್ಲ ಪ್ರಾಜೆಕ್ಟ್ ಫೈಲಿನಲ್ಲೇ ಇದೆ ಎಂದುಕೊಂಡು ಮೂಲ ವಿಡಿಯೋಗಳನ್ನು ಅಳಿಸಿದೆ. ಆ ಫೈಲಿನಲ್ಲಿದ್ದದ್ದು ಎಲ್ಲೆಲ್ಲಿ ಕತ್ತರಿಸಿದೆ ಎಂಬ ಗುರುತು ಮಾತ್ರ. ವಿಡಿಯೋ ಸಿಗುತ್ತಿಲ್ಲ ಎಂದು ಪರದೆ ಪೂರ್ತಿ ಕೆಂಪಾಯಿತು. ಅವರ ಮಾತಿದ್ದ ಕ್ಯಾಮೆರಾ ಕ್ಯಾಸೆಟ್ಟಿನ ಮೇಲೆ ಆಗಲೇ ಬೇರೆ ಲಾರಿಗಳನ್ನು ಚಿತ್ರೀಕರಿಸಿಬಿಟ್ಟಿದ್ದೆ. ಅಳಿಸಿದ್ದನ್ನು ತರುವ ಮೂರು ಸಾಫ್ಟ್‌ವೇರ್ ಹಾಕಿ ನೋಡಿದೆ; ಗುರ್ ಎಂಬ ಸದ್ದು ಬಿಟ್ಟು ಏನೂ ಸಿಗಲಿಲ್ಲ.

ಬಡವರ ಬಾಯಿ ಮುಚ್ಚಿಸುವವರು ಗಣಿ ಮಾಲೀಕರು ಎಂದು ಕರಪತ್ರಗಳಲ್ಲಿ ಓದಿದ್ದೆ, ಊರೂರಲ್ಲಿ ಸಾರಿದ್ದೆ.

ಇವತ್ತು ಹೋಗಿ ನಿಮ್ಮವ್ವನಿಗೆ ಹೇಳಿದೆ.

"ಅಷ್ಟೆಲ್ಲಾ ಓದ್ತಿ, ನನ್ನ ನಾಕ್ ಮಾತು ಕಾಯಾಕ ಬರಲಿಲ್ಲೇನವಾ ನಿನಗ?"

ಮತ್ತೊಮ್ಮೆ ಹೇಳ್ರಿ ಎಂದು ಬೇಡಿಕೊಂಡೆ.

"ಹೇಳ್ತೀನಿ. ಹೋದ ಸಲ ಒಂದು ಮಾತು ನುಂಗಿದ್ದೆ. ರೋಡಿಗಿಳಿದು ಲಾರಿ ಶೂಟಿಂಗ್ ಮಾಡು ಅಂತ ನನ್ನ ಮಗನ ಕೈಯಾಗ ಕ್ಯಾಮೆರಾ ಕೊಟ್ಟೋರು ಯಾರು ಅಂತ. ಈ ಸಲ ಅದನ್ನೂ ಹೇಳ್ಲೇನು?"

ಸಭೆಗೆ ಮೂರೇ ದಿನ ಉಳಿದಿದೆ. ಆ ಕ್ಯಾಮೆರಾ ನಿನ್ನ ಕೈಗೆ ಕೊಟ್ಟವಳು ನಾನೇ.

"ಹೇಳ್ರಿ" ಎಂದೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಾ ಎಂದಿದ್ದಾರೆ.