ಕೇಳದೆ ತೆಗೆದುಕೊಂಡ ದನಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಸಂಜೆ

ಪ್ರೀತಿಯ ಅಪ್ಪಾ,

ಗಂಟಲಿನ ಗಾಯ ಒಣಗುತ್ತಿದೆಯೇ? ನೀರು ನುಂಗುವಾಗ ಈಗಲೂ ನೋಯುತ್ತದೆಯೇ? ಚಿಕ್ಕಪ್ಪ ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. ಅವರಿಗೆ ಮನೆಗೆ ಬೆಂಕಿ ಬಿದ್ದರೂ ಎಲ್ಲಾ ಚೆನ್ನಾಗಿಯೇ ಇರುತ್ತದೆ. ಅಮ್ಮನಿಗೆ ನಿಮ್ಮ ಹತ್ತಿರ ಇರಬೇಕೆಂದು ಆಸೆ. ಆದರೆ ನೀವಿರುವ ಚಿಕ್ಕಪ್ಪನ ಮನೆಯ ಮೂರು ಮಹಡಿ ಹತ್ತಲು ಅವಳ ಮಂಡಿ ಒಪ್ಪಬೇಕಲ್ಲ.

ಇಲ್ಲಿ ನನಗೆ ಮೈಯೆಲ್ಲ ಉರಿಯುತ್ತಿದೆ. ನೀವು ಭೌತಶಾಸ್ತ್ರ ಕಲಿಸಿದ, ಈಗ ನಾನು ಗ್ರಂಥಾಲಯ ನೋಡಿಕೊಳ್ಳುವ ಕಾಲೇಜಿನಲ್ಲಿ, ಮೊದಲ ವರ್ಷದ ಮಕ್ಕಳು ಪಾಠಕ್ಕೆ ಕೂರುವುದಿಲ್ಲವೆಂದು ಆಡಳಿತದವರು ಎಐ ವಿಡಿಯೊ ಮಾಡಿಸಿದ್ದಾರೆ. ಇವತ್ತು ಸಭಾಂಗಣದಲ್ಲಿ ತೋರಿಸಿದರು. ಪರದೆಯ ಮೇಲೆ ನೀವು! ತಲೆತುಂಬ ಕಪ್ಪು ಕೂದಲು, ಬಣ್ಣದ ಕನ್ನಡಕ. "ಹಾಯ್ ಫ್ರೆಂಡ್ಸ್, ಗುರುತ್ವಾಕರ್ಷಣೆ ಅಂದ್ರೆ ಸಖತ್ ಮಜಾ!" ಎಂದಿರಿ, ನಿಮ್ಮದೇ ದನಿಯಲ್ಲಿ. ಆಮೇಲೆ ಒಂದು ಸೇಬಿನ ಜೊತೆ ಕುಣಿದಿರಿ. ಮಕ್ಕಳು ಶಿಳ್ಳೆ ಹೊಡೆದರು. ಅವರ ಮೇಲೆ ನನಗೆ ಕೋಪವಿಲ್ಲ, ಪಾಪ, ಅವರು ನಿಮ್ಮನ್ನು ಕಂಡವರೇ ಅಲ್ಲ.

ನೀವು ಪ್ರಶ್ನೆ ಕೇಳಿ, ಕೈಕಟ್ಟಿ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದಿರಲ್ಲ, ಕೊನೆಯ ಬೆಂಚಿನವನು ಬಾಯಿ ಬಿಡುವವರೆಗೂ? ನನ್ನಂಥ ದಡ್ಡಿಗೂ ಪಾಠ ತಲೆಗೆ ಹತ್ತಿದ್ದು ಆ ಮೌನದಲ್ಲೇ. ವಿಡಿಯೊ ಮಾಡಿದ ಮಹಾನುಭಾವ ನಿಮ್ಮ ಹಳೆಯ ಪಾಠಗಳ ರೆಕಾರ್ಡಿಂಗನ್ನು ಯಂತ್ರಕ್ಕೆ ಕೊಡುವ ಮೊದಲು ಆ ಮೌನವನ್ನೆಲ್ಲ ಕತ್ತರಿಸಿ ಎಸೆದಿದ್ದಾನೆ. "ಅಲ್ಲೆಲ್ಲಾ ಆಡಿಯೋ ಹಾಳಾಗಿತ್ತು ಮೇಡಂ" ಅಂದ! ಈಗ ಪರದೆಯ ಮೇಲಿನ ನೀವು ಪ್ರಶ್ನೆ ಕೇಳಿ, ಉತ್ತರವನ್ನೂ ನೀವೇ ಹೇಳಿ, ಚಪ್ಪಾಳೆಯನ್ನೂ ನೀವೇ ತಟ್ಟಿಕೊಳ್ಳುತ್ತೀರಿ.

ನೇರ ಪ್ರಾಂಶುಪಾಲರ ಕೋಣೆಗೆ ನುಗ್ಗಿದೆ. ಪಾಠಕ್ಕಿಂತ ಗಂಟೆಯೇ ಮುಖ್ಯ ಅವರಿಗೆ ಎಂದು ನೀವು 'ಗಡಿಯಾರ' ಅನ್ನುತ್ತಿದ್ದಿರಲ್ಲ, ಅವರೇ. ಅಪ್ಪನನ್ನು ಒಂದು ಮಾತು ಕೇಳಿದಿರಾ ಎಂದೆ. ಪೇಪರ್‌ವೇಟ್ ತಿರುಗಿಸುತ್ತ, "ಅವ್ರಿಗೆ ಮಾತೇ ಬರಲ್ವಲ್ಲಮ್ಮ, ಕೇಳೋದು ಹೇಗೆ? ದನಿ ಉಳ್ಕೊಳ್ತು ಅಂತ ಖುಷಿ ಪಡು" ಅಂದರು. ಆಪರೇಷನ್ ಆಗಿರೋದು ಅಪ್ಪನ ಗಂಟಲಿಗೆ, ತಲೆಗಲ್ಲ ಎಂದು ಕೂಗಿಯೇ ಹೇಳಿದೆ. ಹೊರಗಿದ್ದ ಗುಮಾಸ್ತರು ಗಾಬರಿಯಿಂದ ಎದ್ದು ನಿಂತರು. ಸೋಮವಾರದಿಂದ ಎಲ್ಲ ಪಾಠಕ್ಕೂ ಈ ನಕಲಿ ನೀವೇ ಬರುತ್ತೀರಂತೆ. ನೀವು ಬೇಡವೆಂದು ಬರೆದುಕೊಟ್ಟರೆ ಮಾತ್ರ ನಿಲ್ಲಿಸುತ್ತಾರಂತೆ. ಕದ್ದವರಿಗೆ ನಾವು ಅರ್ಜಿ ಹಾಕಬೇಕು, ನೋಡಿ! ಆದರೂ ಬರೆಯಿರಿ ಅಪ್ಪಾ, ಈ ಪತ್ರ ಕೈಗೆ ಸಿಕ್ಕ ಕೂಡಲೇ.

ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ. ಸಿಟ್ಟು ಮಾಡಿಕೊಳ್ಳುವ ಕೆಲಸ ನನಗೆ ಬಿಡಿ.

ನಿಮ್ಮ
ಬಾಯಿಬಡುಕಿ ಮಗಳು

ಅವಸರದಲ್ಲಿ ಇನ್ನೊಂದು: ಏನೇನು ಆಡಿಸಿದ್ದಾರೆ ನೋಡೋಣವೆಂದು ಮನೆಯಲ್ಲಿ ಆ ವಿಡಿಯೊ ಹಾಕಿದೆ. ಅಡುಗೆಮನೆಯಿಂದ ಅಮ್ಮ "ಬಂದೇರೀ" ಎಂದು ಓಗೊಟ್ಟಳು. ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಾನು ಅಳಿಸಲು ಹೊರಟರೆ, "ಇನ್ನೊಂದ್ಸಲ ಹಾಕೇ" ಅಂದಳು. ಹಾಕಲಿಲ್ಲ. ಅವಳು ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹಾಕಲೋ ಬೇಡವೋ, ಅದನ್ನೂ ನೀವೇ ಬರೆದು ತಿಳಿಸಿ.